‘ನೋಡೋಣ’ ಅಂದಿದ್ದಾರೆ

ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಲು ನನಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ತುಮಕೂರಿನಲ್ಲಿ ನಮ್ಮ ತಾತ ತೀರಿಕೊಂಡ ದಿನ ಹಾಸ್ಟೆಲಿಗೆ ಫೋನ್ ಮಾಡಿದ ಚಿಕ್ಕಪ್ಪ, “ತಾತಂಗೆ ಸ್ವಲ್ಪ ಹುಷಾರಿಲ್ಲ, ಬಂದು ಹೋಗು” ಅಂದಿದ್ದರು. ಬಸ್ಸಿಳಿದು ಬಂದು ಮನೆ ಮುಂದೆ ಚಪ್ಪಲಿಗಳ ರಾಶಿ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು. ಹುಡುಗಿಯನ್ನು ನೋಡಲು ಬಂದವರಿಗೆ ಒಪ್ಪಿಗೆಯಾಗದಿದ್ದರೆ “ನೋಡೋಣ, ತಿಳಿಸ್ತೀವಿ” ಅನ್ನುತ್ತಾರೆ. ಹುಡುಗಿಯ ಕಡೆಯವರು ಅಷ್ಟಕ್ಕೇ ಅರ್ಥ ಮಾಡಿಕೊಂಡು ಬೇರೆ ಜಾತಕ ಹುಡುಕಲು ಹೊರಡುತ್ತಾರೆ. ಇದನ್ನು ನಾನು ಯಾವತ್ತೂ ಸುಳ್ಳು ಅಂದುಕೊಂಡಿರಲಿಲ್ಲ, ಮರ್ಯಾದೆ ಅಂದುಕೊಂಡಿದ್ದೆ. ಈ ಮರ್ಯಾದೆಯಿಂದಲೇ ಒಬ್ಬ ದೊಡ್ಡ ಮನುಷ್ಯರಿಗೆ ನಾನು ಮಾಡಿದ ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಸಾವಿರದ ಎಂಟರಲ್ಲಿ ನಾವು ಅಮೆರಿಕದ ಗ್ಲೆಂಡೇಲಿಗೆ ಬಂದೆವು. ನನ್ನ ಗಂಡನಿಗೆ ಪಕ್ಕದ ಪಸಡೀನಾದಲ್ಲಿ ಪೋಸ್ಟ್‌ಡಾಕ್ ಕೆಲಸ, ನನಗೆ ಡಿಪೆಂಡೆಂಟ್ ವೀಸಾ. ಕೆಲಸ ಮಾಡುವಂತಿಲ್ಲ, ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಪಸಡೀನಾದ ಬಾಡಿಗೆ ಕೈಗೆಟುಕದೆ ಇಲ್ಲಿನ ಹಳೆಯ ಮನೆಯೊಂದರ ಹಿತ್ತಲಿನ ಎರಡು ಕೋಣೆ ಹಿಡಿದಿದ್ದೆವು. ಮುಂದಿನ ಮನೆಯಲ್ಲಿ ಮಾಲೀಕರು ಒಬ್ಬರೇ. ಆರಡಿ ದಾಟಿದ ಆಳು, ಬೆಳ್ಳಗಿನ ಗಿರಿಜಾ ಮೀಸೆ, ತಲೆಯ ಮೇಲೆ ಯಾವಾಗಲೂ ಅರ್ಧ ಮೊಟ್ಟೆ ಚಿಪ್ಪಿನಂಥ ಬಿಳಿ ಉಣ್ಣೆ ಟೋಪಿ. ವಯಸ್ಸು ಎಂಬತ್ತಾರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದು ರಿಟೈರ್ ಆದವರು. ಬೀದಿ ತುಂಬ ಆರ್ಮೇನಿಯದವರೇ ಇದ್ದುದರಿಂದ ನಾನು ಅವರನ್ನೂ ಅದೇ ಲೆಕ್ಕಕ್ಕೆ ಹಾಕಿ, ನಿಮ್ಮದು ಆರ್ಮೇನಿಯದಲ್ಲಿ ಯಾವೂರು ಎಂದು ಕೇಳಿಬಿಟ್ಟೆ. “ಅಲ್ಬೇನಿಯಾ!” ಎಂದು ಅವರು ಗುಡುಗಿದ ರಭಸಕ್ಕೆ ನನ್ನ ಕೈಯಲ್ಲಿದ್ದ ಪಾಯಸದ ಬಟ್ಟಲು ಬೀಳುವುದರಲ್ಲಿತ್ತು. ಆಮೇಲೆ ಪಾಯಸ ಪೂರ್ತಿ ತಿಂದು ಬಟ್ಟಲು ತೊಳೆದು ಕೊಟ್ಟರು.

ಸ್ವಲ್ಪ ದಿನಕ್ಕೆ ನಾನು ಅವರನ್ನು ತಾತ ಅನ್ನತೊಡಗಿದೆ. ಅವರಿಗೆ ಆ ಮಾತು ಹಿಡಿಸಿತು. ನನ್ನನ್ನು ಅವರ ಭಾಷೆಯಲ್ಲಿ ಮಗಳೇ ಅನ್ನುತ್ತಿದ್ದರು, ಉಳಿದದ್ದೆಲ್ಲ ಇಂಗ್ಲಿಷು. ಮಧ್ಯಾಹ್ನ ನಾನು ಫಿಲ್ಟರ್ ಕಾಫಿ ತೆಗೆದುಕೊಂಡು ಹೋದರೆ, “ಹಾಲು ಸುರಿದು ಒಳ್ಳೇ ಕಾಫೀನ ಕೊಂದಿದ್ದೀಯ” ಎಂದು ಬೈದು ಕುಡಿಯುತ್ತಿದ್ದರು. ಹಾಗೆ ಕುಡಿಯುತ್ತಾ ಒಂದು ದಿನ ತಾನು ತನ್ನ ಊರಿನಲ್ಲಿ ‘ಬೈರಾಕ್ತಾರ್’ ಆಗಿದ್ದೆ ಅಂದರು. ಬಾವುಟ ಹಿಡಿಯುವವನು ಎಂದು ಅದರ ಅರ್ಥವಂತೆ. ನಾನು ಮೆರವಣಿಗೆಯ ಮುಂದೆ ಬಾವುಟ ಹಿಡಿದು ನಡೆಯುವವನನ್ನು ನೆನೆದುಕೊಂಡು, ಪಾಪ ಅಂದುಕೊಂಡೆ. ಅವರು ಬಿಡಿಸಿ ಹೇಳಿದರು. ಬೆಟ್ಟದ ಮೇಲಿನ ಹನ್ನೊಂದು ಹಳ್ಳಿ, ಎಲ್ಲ ಒಂದೇ ಕುಲ. ಯುದ್ಧಕ್ಕೆ ಕರೆ ಬಂದರೆ ಗಂಡಸರನ್ನು ಕರೆದೊಯ್ಯುವವನು ಅವನೇ, ಜಗಳ ಬಂದರೆ ತೀರ್ಪು ಹೇಳುವವನೂ ಅವನೇ. ಅಪ್ಪನಿಂದ ಮಗನಿಗೆ ಬರುವ ಪಟ್ಟ. ಇಪ್ಪತ್ತನೇ ವಯಸ್ಸಿಗೆ ಇವರ ಮೇಲೆ ಬಿದ್ದಿತ್ತು.

“ಅಂದ್ರೆ ಪಾಳೇಗಾರ್ರು!” ಎಂದು ಸಂಜೆ ನನ್ನ ಗಂಡನಿಗೆ ಹೇಳಿದೆ. ಅವತ್ತಿನಿಂದ ನಮ್ಮ ಮನೆಯೊಳಗೆ ಅವರಿಗೆ ಅದೇ ಹೆಸರು.

ಬೀದಿಯವರಿಗೂ ಅವರು ಪಾಳೇಗಾರರೇ. ಎದುರು ಮನೆಯ ನಿಂಬೆ ಗಿಡದ ಕೊಂಬೆ ಪಕ್ಕದವರ ಕಾಂಪೌಂಡಿಗೆ ಬಂದು ಎರಡೂ ಮನೆಯವರು ವಕೀಲರ ತನಕ ಹೋಗುವುದರಲ್ಲಿದ್ದಾಗ, ತಾತ ಮುಂದಿನ ಅಂಗಳದಲ್ಲಿ ಕುರ್ಚಿ ಹಾಕಿಸಿ ಇಬ್ಬರನ್ನೂ ಕೂರಿಸಿದರು. ಕೊಂಬೆ ಯಾರ ಕಡೆಗಿದೆಯೋ ಹಣ್ಣು ಅವರದು, ಗಿಡಕ್ಕೆ ಕೊಡಲಿ ಮಾತ್ರ ಯಾರೂ ಹಾಕಕೂಡದು ಅಂದರು. ಇಬ್ಬರೂ ಒಪ್ಪಿ ಕೈ ಕುಲುಕಿದರು. ನಮ್ಮೂರ ಪಂಚಾಯಿತಿ ಕಟ್ಟೆಯಲ್ಲಿ ಇಷ್ಟು ಬೇಗ ಏನೂ ಬಗೆಹರಿದದ್ದನ್ನು ನಾನು ಕಂಡಿಲ್ಲ.

ಅವರ ಕಾಲವನ್ನು ಅವರು ಬಾವುಟಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಮೊದಲು ರಾಜನ ಬಾವುಟ. ರಾಜ ಓಡಿಹೋದ ಮೇಲೆ ಇಟಲಿಯವರದು, ಅವರು ಸೋತ ಮೇಲೆ ಜರ್ಮನಿಯವರದು, ಕೊನೆಗೆ ಕಮ್ಯೂನಿಸ್ಟರದು. ಪ್ರತಿಯೊಬ್ಬರೂ ಬೆಟ್ಟ ಹತ್ತಿ ಬಂದು, ನೀನು ನಮ್ಮ ಕಡೆಯಾ ಅವರ ಕಡೆಯಾ ಎಂದು ಕೇಳಿದವರೇ. “ನಾನು ನನ್ನ ಹನ್ನೊಂದು ಹಳ್ಳಿ ಕಡೆ ಅಂದ್ರೆ ಯಾರಿಗೂ ಅರ್ಥ ಆಗ್ತಿರ್ಲಿಲ್ಲ” ಅನ್ನುತ್ತಿದ್ದರು. ಯುದ್ಧ ಮುಗಿದ ಮೇಲೆ ಹೊಸ ಸರ್ಕಾರ ಕುಲದ ಮುಖಂಡರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಗುಂಡಿಕ್ಕತೊಡಗಿತು. ಇವರ ಹೆಸರೂ ಪಟ್ಟಿಯಲ್ಲಿತ್ತು. ಇವರು ಬೆಟ್ಟ ದಾಟಿ ಗಡಿಯಾಚೆ ಹೋದರು, ಅಲ್ಲಿಂದ ಇಟಲಿಯ ನಿರಾಶ್ರಿತರ ಶಿಬಿರ, ಅಲ್ಲಿಂದ ಅಮೆರಿಕ. ಇಲ್ಲಿಗೆ ಬರುವಷ್ಟರಲ್ಲಿ ಕಥೆಯನ್ನು ಬೇಗ ಬೇಗ ಮುಗಿಸಿಬಿಡುತ್ತಿದ್ದರು. ಬೆಟ್ಟ ದಾಟಿದ ಭಾಗವನ್ನು ನಾನು ಕೇಳಿದಾಗಲೆಲ್ಲ ಲೋಟ ಕೆಳಗಿಟ್ಟು ಎದ್ದುಹೋಗುತ್ತಿದ್ದರು.

ಎರಡು ಸಾವಿರದ ಹತ್ತರ ಫೆಬ್ರವರಿಯಲ್ಲಿ ಅವರ ಎದೆಯಲ್ಲಿ ನೀರು ತುಂಬಿತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದವರು, ಮನೆಗೆ ಬಂದ ಮಾರನೆಯ ದಿನವೇ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡು ಆ ಭಾಗವನ್ನು ಪೂರ್ತಿ ಹೇಳಿದರು.

ಬೆಟ್ಟ ದಾಟುವಾಗ ಇವರು ಒಬ್ಬರೇ ಇರಲಿಲ್ಲ. ಪಕ್ಕದ ಕುಲದ ಒಬ್ಬ ಮೇಷ್ಟರು, ಇಪ್ಪತ್ತು ವರ್ಷದವನು, ಅವನೂ ಪಟ್ಟಿಯಲ್ಲಿದ್ದವನು, ತನ್ನನ್ನೂ ದಾಟಿಸಿ ಎಂದು ಇವರ ಮನೆ ಬಾಗಿಲಿಗೆ ಬಂದಿದ್ದ. ಇವರು ‘ಬೆಸ’ ಕೊಟ್ಟರು. ಬೆಸ ಅಂದರೆ ಭಾಷೆ, ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾವೂ ಅನ್ನುತ್ತೇವೆ, ಅಂದು ಮರೆತುಬಿಡುತ್ತೇವೆ. ಅವರಲ್ಲಿ ಬೆಸ ಕೊಟ್ಟವನು ತನ್ನ ಜೀವ ಕೊಟ್ಟಾದರೂ ಅದನ್ನು ಉಳಿಸಬೇಕು. ಮಂಜಿನಲ್ಲಿ ಎರಡು ದಿನ ನಡೆದ ಮೇಲೆ, ಗಡಿ ಹತ್ತಿರ ಬಂದಾಗ, ಇವರು ಆ ಹುಡುಗನನ್ನು ಒಂದು ಕುರಿದೊಡ್ಡಿಯಲ್ಲಿ ಕೂರಿಸಿ, “ಇಲ್ಲೇ ಇರು, ದಾರಿ ನೋಡ್ಕೊಂಡು ಬರ್ತೀನಿ” ಎಂದು ಹೋದರು. ದಾರಿಯಲ್ಲಿ ಸೈನಿಕರಿದ್ದರು. ಅವರ ಕಣ್ಣು ತಪ್ಪಿಸಿ ಮುಂದೆ ಹೋದರೆ ಗಡಿ, ಹಿಂದೆ ಬಂದರೆ ದೊಡ್ಡಿ.

“ಮುಂದೆ ಹೋದೆ” ಅಂದರು ತಾತ. “ಹೆದರಿಕೆ ಆಯ್ತು, ಮಗಳೇ. ಹನ್ನೊಂದು ಹಳ್ಳಿ ಯಜಮಾನಂಗೆ ಹೆದರಿಕೆ ಆಯ್ತು. ಅವನು ಓಡಿಹೋಗಬಹುದಿತ್ತು. ನಾನು ಬರ್ತೀನಿ ಅಂದಿದ್ದೆನಲ್ಲ, ಅದಕ್ಕೇ ಕೂತಿದ್ದ. ಬೆಳಿಗ್ಗೆ ಹಿಡಿದು ಅಲ್ಲೇ ಹೊಡೆದರು.”

ಅವರ ಕಟ್ಟಳೆಯ ಪ್ರಕಾರ ಆ ಸಾವು ಇವರ ಮೇಲಿನ ರಕ್ತದ ಋಣ. ಸತ್ತವನ ಮನೆಯವರು ಇವರನ್ನು ಕೊಲ್ಲಬಹುದು, ಇಲ್ಲವೇ ಕ್ಷಮಿಸಬಹುದು. ಕ್ಷಮಿಸುವುದಾದರೆ ಇವರು ಕೈ ಕಟ್ಟಿಸಿಕೊಂಡು ಅವರ ಮನೆಗೆ ಹೋಗಿ ನಿಲ್ಲಬೇಕು, ಆ ಮನೆಯ ಹಿರಿಯನು ತನ್ನ ಕೈಯಾರೆ ಗಂಟು ಬಿಚ್ಚಬೇಕು. ಆ ಹುಡುಗನಿಗೆ ಒಬ್ಬನೇ ತಮ್ಮ, ಆಗ ಹನ್ನೊಂದು ವರ್ಷದವನು. ಅಲ್ಬೇನಿಯಾದ ಬಾಗಿಲು ತೆರೆದ ಮೇಲೆ ಅವನ ಮಗಳು ಓದಲು ಅಮೆರಿಕಕ್ಕೆ ಬಂದು, ಸ್ಯಾನ್ ಡಿಯೇಗೋದ ಟೊರ್ರಿ ಪೈನ್ಸಿನ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದು, ಎರಡು ವರ್ಷದ ಕೆಳಗೆ ಅಪ್ಪನನ್ನೂ ಅಲ್ಲಿಗೆ ಕರೆಸಿಕೊಂಡಿದ್ದಳು. ಅರವತ್ತನಾಲ್ಕು ವರ್ಷ ಸಾಗರದಾಚೆ ಇದ್ದ ಋಣ ಈಗ ಎರಡು ಗಂಟೆಯ ಡ್ರೈವಿನಷ್ಟು ಹತ್ತಿರ ಬಂದು ಕೂತಿತ್ತು.

“ಸಾಯೋಕೆ ಮುಂಚೆ ನಂಗೆ ಅವನ ಕ್ಷಮೆ ಬೇಕು. ನಾನೇ ಹೋಗಿ ಬಾಗಿಲು ತಟ್ಟೋ ಹಾಗಿಲ್ಲ. ಮಧ್ಯಸ್ಥರು ಹೋಗಿ ಕೇಳ್ಬೇಕು. ಎರಡೂ ಕಡೆಗೆ ಸೇರದವರಾಗಿರಬೇಕು. ಹೆಂಗಸಾದ್ರೆ ಇನ್ನೂ ಒಳ್ಳೇದು, ಹೆಂಗಸಿನ ಮೇಲೆ ನಮ್ಮಲ್ಲಿ ಯಾರೂ ಕೈ ಎತ್ತಲ್ಲ” ಅಂದರು.

ಕೈ ಎತ್ತುವ ಮಾತು ಕೇಳಿದ ಮೇಲೂ ಹೂಂ ಅಂದೆ. ಆ ಮುಖ ನೋಡಿಕೊಂಡು ಒಲ್ಲೆ ಅನ್ನಲು ನನ್ನಿಂದಾಗಲಿಲ್ಲ.

ನನ್ನ ಗಂಡ ಹೌಹಾರಿದರು. “ನಿಂಗ್ಯಾಕೆ ಮಾರಾಯ್ತಿ ಊರ ಉಸಾಬರಿ? ಫ್ರೀವೇ ಮೇಲೆ ಲೇನ್ ಚೇಂಜ್ ಮಾಡೋಕೇ ದೇವರ ಹೆಸರು ಹೇಳ್ತೀಯ, ಈಗ ರಕ್ತದ ಪಂಚಾಯ್ತಿ ಮಾಡೋಕ್ ಹೊರಟಿದ್ದೀಯ!”

“ಅವರಿಗೆ ಬೇರೆ ಯಾರಿದ್ದಾರೆ ರೀ?”

“ಪೊಲೀಸ್ ಗಿಲೀಸ್ ಅಂತ ಏನಾದ್ರೂ ಆದ್ರೆ ವೀಸಾ ಗತಿ ಏನು, ಅದನ್ನ ಯೋಚನೆ ಮಾಡಿದ್ದೀಯಾ?”

ಮಾಡಿದ್ದೆ. ಬರೀ ಅದನ್ನೇ ಯೋಚಿಸುತ್ತಾ ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹೊರಟೆ. ತಾತ ಅವರ ಭಾಷೆಯಲ್ಲಿ ಬರೆದ ಒಂದು ಪತ್ರ ಕೊಟ್ಟಿದ್ದರು. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಫ್ರೀವೇಯಲ್ಲಿ ಉದ್ದಕ್ಕೂ ಬಲಗಡೆಯ ಲೇನ್ ಬಿಡದೆ, ಲಾರಿಗಳ ಹಿಂದೆ ಹಿಂದೆ, ಎರಡು ಗಂಟೆಯ ದಾರಿಯನ್ನು ಮೂರೂವರೆ ಗಂಟೆಯಲ್ಲಿ ಮುಗಿಸಿದೆ. ಬಾಯಾರಿ ನಾಲಗೆ ಅಂಗಳಕ್ಕೆ ಅಂಟಿಕೊಂಡಿತ್ತು, ನೀರಿನ ಬಾಟಲಿಗೆ ಕೈ ಚಾಚಲೂ ಭಯ.

ಬಾಗಿಲು ತೆರೆದದ್ದು ಮಗಳು, ನಲವತ್ತು ದಾಟಿದ ಹೆಂಗಸು. ನಾನು ಬರುವುದನ್ನು ತಾತ ಪರಿಚಿತರ ಮೂಲಕ ತಿಳಿಸಿದ್ದರು, ಏಕೆಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಅಪ್ಪ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ನನ್ನನ್ನು ಸ್ವಾಗತಿಸಿದರು. ತೆಳ್ಳಗೆ, ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರ ಹಾಗಿದ್ದರು. ಕೊಲ್ಲುವವರ ಹಾಗೆ ಎಳ್ಳಷ್ಟೂ ಇರಲಿಲ್ಲ. ಪತ್ರದ ಮೇಲಿನ ಹೆಸರು ನೋಡಿದ್ದೇ ಅವರ ಮುಖ ಬಿಳಿಚಿಕೊಂಡಿತು. ಮಗಳಿಗೆ ಏನೋ ಹೇಳಿ ಕಾಫಿ ಮಾಡಲು ಒಳಗೆ ಕಳಿಸಿದರು. ಪತ್ರವನ್ನು ಓದಿದರು, ಮತ್ತೆ ಮೊದಲಿನಿಂದ ಓದಿದರು.

ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನು ನಿಧಾನವಾಗಿ, ಸಣ್ಣ ಸಣ್ಣ ಮಾತಿನಲ್ಲಿ ಕೇಳಿದೆ: “ಅವರಿಗೆ ತುಂಬ ಕಾಯಿಲೆ. ನಿಮ್ಮ ಕ್ಷಮೆ ಕೇಳ್ತಿದ್ದಾರೆ. ಕೊಡ್ತೀರಾ? ಅವರು ಬರಬಹುದಾ?”

ಅವರು ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ನೀರು ಇಳಿಯಿತು. ತಲೆಯನ್ನು ಅಡ್ಡಡ್ಡ ಆಡಿಸಿದರು. ಒಂದು ಸಲ ಅಲ್ಲ, ನಾಲ್ಕೈದು ಸಲ, ನಿಧಾನವಾಗಿ, ಆ ಕಡೆಯಿಂದ ಈ ಕಡೆಗೆ. ಆಮೇಲೆ ಪತ್ರ ಮಡಿಸಿ ಜೇಬಿಗೆ ಹಾಕಿಕೊಂಡರು.

ಮುಗಿಯಿತು ಅಂದುಕೊಂಡೆ. ಟ್ರೇ ಹಿಡಿದು ಬಂದ ಮಗಳು ಅಪ್ಪನ ಕಣ್ಣೀರು ನೋಡಿ, ನನ್ನ ಕಡೆ ತಿರುಗಿ, “ದಯವಿಟ್ಟು ಈಗ ಹೊರಡಿ” ಅಂದಳು. ಕಾಫಿಯನ್ನು ಮುಟ್ಟದೆ, ಪರ್ಸ್ ಎತ್ತಿಕೊಂಡು ಕಳ್ಳಿಯ ಹಾಗೆ ಹೊರಬಿದ್ದೆ.

ವಾಪಸ್ ಬರುವ ದಾರಿಯುದ್ದಕ್ಕೂ, ಇದನ್ನು ತಾತನಿಗೆ ಹೇಗೆ ಹೇಳುವುದು ಎನ್ನುವುದೊಂದೇ ಚಿಂತೆ. ಎದೆಯಲ್ಲಿ ನೀರು ತುಂಬಿಕೊಂಡಿರುವ ಮನುಷ್ಯ. ಒಲ್ಲೆ ಅಂದರು ಅಂದರೆ ಅಲ್ಲೇ ಏನಾದರೂ ಆಗಿಬಿಟ್ಟರೆ? ಗ್ಲೆಂಡೇಲ್ ತಲುಪಿದಾಗ ಅವರು ಅಂಗಳದ ಕುರ್ಚಿಯಲ್ಲಿ ಬಿಳಿ ಶರ್ಟು ಹಾಕಿಕೊಂಡು ಕೂತಿದ್ದರು. ಏನೂ ಕೇಳಲಿಲ್ಲ, ನೋಡಿದರು ಅಷ್ಟೆ.

“ನೋಡೋಣ ಅಂದಿದ್ದಾರೆ ತಾತ” ಅಂದೆ.

ನಮ್ಮಲ್ಲಿ ಯಾರಿಗಾದರೂ ಅಷ್ಟು ಸಾಕಿತ್ತು. ತಾತನ ಮುಖ ಅರಳಿತು. ಎದ್ದು ನನ್ನ ಹಣೆಗೆ ಮುತ್ತಿಟ್ಟರು. “ನಮ್ಮ ಕಡೆಯ ಗಂಡಸು ಒಲ್ಲೆ ಅನ್ನೋದಾದ್ರೆ ಒಲ್ಲೆ ಅಂತಾನೆ. ನೋಡೋಣ ಅಂದ ಅಂದ್ರೆ ನೋಡ್ತಾನೆ. ಅವಸರ ಮಾಡೋ ಹಾಗಿಲ್ಲ. ನಾನು ಕಾಯ್ತೀನಿ” ಅಂದರು.

ಅಯ್ಯೋ ದೇವರೇ ಅನ್ನಿಸಿತು. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಆಮೇಲಿನ ಐದು ತಿಂಗಳು, ದಿನಾ ಹನ್ನೊಂದು ಗಂಟೆಗೆ ಪೋಸ್ಟಿನವನು ಬರುವ ಹೊತ್ತಿಗೆ ತಾತ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಫೋನ್ ರಿಂಗಾದರೆ, ಆ ವಯಸ್ಸಿನಲ್ಲೂ, ದಡಬಡ ಏಳುತ್ತಿದ್ದರು. ನಾನು ಕಾಫಿ ಕೊಡುವ ನೆಪದಲ್ಲಿ ಹೇಳಿಬಿಡಬೇಕು ಎಂದು ಹೋಗುವುದು, ಹವಾಮಾನದ ಮಾತಾಡಿ ವಾಪಸ್ ಬರುವುದು. ನನ್ನ ಗಂಡನಂತೂ, “ಹೇಳ್ಬಿಡೇ, ಇಲ್ಲಾ ಮರೆತುಬಿಡು, ಊಟ ಮಾಡುವಾಗಲೂ ನಿಟ್ಟುಸಿರು ಬಿಡ್ತೀಯಲ್ಲ” ಎಂದು ರೇಗುತ್ತಿದ್ದರು. ಸತ್ಯ ಹೇಳಿದರೆ ಅವರು ಸಾಯುತ್ತಾರೆ ಎಂದು ನಾನು ಹೆದರಿದ್ದೆ. ಒಂದು ರೀತಿಯಲ್ಲಿ ನೋಡಿದರೆ, ಅವರು ಸಾಯುವ ತನಕ ಹೀಗೇ ದಿನ ತಳ್ಳಿಬಿಡೋಣ ಎಂದೂ ಒಳಗೊಳಗೆ ಲೆಕ್ಕ ಹಾಕಿದ್ದೆನೇನೋ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೇ.

ಆಗಸ್ಟಿನ ಬಿಸಿಲಿನಲ್ಲಿ ಅವರು ಪೋಸ್ಟ್ ಡಬ್ಬದ ಹತ್ತಿರ ತಲೆ ಸುತ್ತಿ ಬಿದ್ದರು. ಮೂಳೆ ಮುರಿದಿರಲಿಲ್ಲ, ಮೊಣಕೈ ತರಚಿ ರಕ್ತ ಬಂದಿತ್ತು. ಒಳಗೆ ಕರೆತಂದು ಕೂರಿಸಿ ಗಾಯ ತೊಳೆಯುತ್ತಿದ್ದೆ. “ಇವತ್ತೂ ಬರ್ಲಿಲ್ಲ. ಇರ್ಲಿ. ಅರವತ್ತು ವರ್ಷದ ನೋವು, ಯೋಚನೆ ಮಾಡೋಕೆ ಅವನಿಗೂ ಹೊತ್ತು ಬೇಕಲ್ಲ” ಅಂದರು, ನನಗೇ ಸಮಾಧಾನ ಹೇಳುವವರ ಹಾಗೆ.

ನನಗೆ ತಡೆಯಲಾಗಲಿಲ್ಲ. ಅಳು ಒತ್ತರಿಸಿ ಬಂತು. “ಅವರು ಬರೆಯಲ್ಲ ತಾತ. ನೋಡೋಣ ಅಂತ ಅನ್ನಲೇ ಇಲ್ಲ. ಸುಳ್ಳು ಹೇಳಿದೆ ನಾನು. ಅವರು ಬಾಯೇ ಬಿಡಲಿಲ್ಲ, ಆಗಲ್ಲ ಅಂತ ತಲೆ ಆಡಿಸಿಬಿಟ್ಟರು” ಎಂದು ಒಂದೇ ಉಸಿರಿಗೆ ಒದರಿದೆ.

ತಾತ ಕೇಳಿದರು. “ತಲೆ ಹೇಗೆ ಆಡಿಸಿದ?”

“ಹೀಗೆ” ಎಂದು ತೋರಿಸಿದೆ.

“ಗಲ್ಲ ಮೇಲೆತ್ತಿ, ಬಾಯಲ್ಲಿ ಚ್ ಅಂದನಾ?”

“ಇಲ್ಲ ತಾತ. ಅಡ್ಡಡ್ಡ. ನಾಲ್ಕೈದು ಸಲ. ಅಳ್ತಾ ಇದ್ದರು.”

“ಇನ್ನೊಂದು ಸಲ ತೋರಿಸು.”

ತೋರಿಸಿದೆ. ಅವರು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದರು. “ಮಗಳೇ, ನಮ್ಮ ಬೆಟ್ಟದಲ್ಲಿ ಇದು ಹೌದು. ಅಡ್ಡಡ್ಡ ಆಡಿಸಿದ್ರೆ ಹೌದು. ಮೇಲೆತ್ತಿದ್ರೆ ಇಲ್ಲ. ನಾನು ಅಮೆರಿಕಕ್ಕೆ ಬಂದ ಮೊದಲ ವರ್ಷವೇ ಫೋರ್‌ಮನ್ ಕೈಲಿ ಬೈಸ್ಕೊಂಡು ಬದಲಾಯಿಸ್ಕೊಂಡೆ. ಅವನು ಬಂದು ಎರಡೇ ವರ್ಷ. ಅವನು ಹೌದು ಅಂದಿದ್ದಾನೆ. ನಿಂಗೆ ಹೌದು ಅಂದಿದ್ದಾನೆ.”

ಸುಳ್ಳು ಹೇಳದೆ ಅವತ್ತೇ, ಅವರು ತಲೆ ಆಡಿಸಿದರು ತಾತ, ಎಂದು ಕಂಡದ್ದನ್ನು ಕಂಡ ಹಾಗೆ ಹೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಅಲ್ಲೇ ಕೂತು ಸ್ಯಾನ್ ಡಿಯೇಗೋಗೆ ಫೋನ್ ಮಾಡಿದೆ. ಮಗಳು ಎತ್ತಿಕೊಂಡಳು. ನನ್ನ ದನಿ ಗುರುತಿಸಿ, “ಯಾಕೆ ಬರಲಿಲ್ಲ ನೀವು?” ಅಂದಳು. ಏಪ್ರಿಲ್ ತಿಂಗಳ ಮೂರನೆಯ ಭಾನುವಾರ ಬರುತ್ತೇನೆ, ನೀನು ಒಪ್ಪುವುದಾದರೆ ಈ ಹೆಂಗಸಿಗೆ ಹೇಳು ಎಂದು ತಾತ ಪತ್ರದಲ್ಲಿ ಬರೆದಿದ್ದರಂತೆ. ಆ ಭಾನುವಾರ ಅವಳ ಅಪ್ಪ ಬೆಳಿಗ್ಗೆಯೇ ಸೂಟು ಹಾಕಿಕೊಂಡು, ಏನು ಎತ್ತ ಹೇಳದೆ ಅಡುಗೆ ಮಾಡಿಸಿ, ಸಂಜೆಯ ತನಕ ಕಿಟಕಿಯಲ್ಲಿ ಕೂತಿದ್ದರು. ಯಾರೂ ಬರಲಿಲ್ಲ. ಊಟ ಮುಟ್ಟದೆ ಎದ್ದುಹೋದರು. ಮೇ ತಿಂಗಳಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವಳಿಗೆ ಆ ಪತ್ರ ಸೂಟಿನ ಜೇಬಿನಲ್ಲಿ ಸಿಕ್ಕಿತು. “ಎರಡನೇ ಸಲ ಮೋಸ ಮಾಡಿದ್ರಿ ಅಂತ ಸಿಟ್ಟು ಬಂದು ನಾನು ಫೋನ್ ಮಾಡ್ಲಿಲ್ಲ” ಅಂದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. “ಕರ್ಕೊಂಡು ಬನ್ನಿ. ಆದ್ರೆ ಅಪ್ಪಂಗೆ ಈಗಿನದು ಯಾವುದೂ ನೆನಪಿರಲ್ಲ” ಅಂದಳು.

ತಾತನಿಗೆ ಅಷ್ಟನ್ನೂ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಅವರು ಕರಿ ಕೋಟನ್ನು ಇಸ್ತ್ರಿ ಮಾಡಿಸು ಅಂದರು.

ಮುಂದಿನ ಭಾನುವಾರ ಹೊರಟೆವು. ನನ್ನ ಗಂಡ ತಾವೇ ಡ್ರೈವ್ ಮಾಡುತ್ತೇನೆ ಎಂದು ಬಂದರೆ, ಮಧ್ಯಸ್ಥಳೇ ಕರೆದೊಯ್ಯಬೇಕು ಎಂದು ತಾತ ಅವರನ್ನು ಕಾರಿನಿಂದ ಇಳಿಸಿದರು. ಮೊಳಕಾಲ ಮೇಲೆ ಎರಡು ಕೈಯಿಟ್ಟುಕೊಂಡು ಮದುಮಗನ ಹಾಗೆ ನೆಟ್ಟಗೆ ಕೂತಿದ್ದರು. ನಡುನಡುವೆ ಅವರ ಉಸಿರು ಎಳೆಯುವ ಸದ್ದು ಕೇಳುತ್ತಿತ್ತು. ಆ ಮನೆಯ ಮುಂದೆ ಇಳಿದಾಗ ಎರಡೂ ಕೈಗಳನ್ನು ಮುಂದೆ ಚಾಚಿ, “ಕಟ್ಟು” ಅಂದರು. ಹಗ್ಗ ತರಲು ಮರೆತಿದ್ದೆ. ನನ್ನ ದುಪಟ್ಟಾದಲ್ಲಿ ಕಟ್ಟಿದೆ. ಸಡಿಲವಾಗಿ ಕಟ್ಟಿದ್ದಕ್ಕೆ ಗದರಿ, ಬಿಗಿಯಾಗಿ ಕಟ್ಟಿಸಿಕೊಂಡರು.

ಅವಳ ಅಪ್ಪ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ತಾತ ಬಾಗಿಲಲ್ಲೇ ನಿಂತು ತಲೆ ತಗ್ಗಿಸಿದರು. ಅವಳ ಅಪ್ಪ ಆ ಬಿಳಿ ಟೋಪಿಯನ್ನು ನೋಡಿದರು, ಮುಖ ನೋಡಿದರು, ಕೂಗಿಕೊಂಡರು. ಪಕ್ಕದಲ್ಲಿ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. “ಅಣ್ಣ ಅಂತಿದ್ದಾರೆ” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅಲ್ಲಿಂದ ಮುಂದಿನದನ್ನೆಲ್ಲ ಅವಳೇ ಪಿಸುದನಿಯಲ್ಲಿ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

“ಯಾರು ಕಟ್ಟಿದ್ದು ನಿನ್ನ ಕೈನ? ಸೈನಿಕರಾ?” ಎಂದು ಕೇಳುತ್ತಾ ಅವರು ತಾತನನ್ನು ಹತ್ತಿರಕ್ಕೆ ಎಳೆದುಕೊಂಡರು. ಎಡಗೈಯೊಂದರಲ್ಲೇ ಗಂಟಿಗೆ ಕೈ ಹಾಕಿದರು. ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದರು. ತಾತ ಕೈ ಹಿಂದಕ್ಕೆ ತೆಗೆದುಕೊಳ್ಳಲು ನೋಡಿದರು, ಅವರು ಬಿಡಲಿಲ್ಲ. ಗಂಟು ಬಿಚ್ಚಿತು. ತಾತ ಅರವತ್ತನಾಲ್ಕು ವರ್ಷ ಕಾದದ್ದು ಇದಕ್ಕೇ, ಆದರೆ ಬಿಚ್ಚಿದವರಿಗೆ ತಾನು ಯಾರ ಕೈ ಬಿಚ್ಚಿದೆ ಎಂದು ಗೊತ್ತಿರಲಿಲ್ಲ.

“ಎಷ್ಟು ಹೊತ್ತು ಅಣ್ಣಾ! ಅಮ್ಮ ನಿನ್ನ ಊಟ ತೆಗೆದಿಟ್ಟಿದ್ದಾಳೆ. ನಿನ್ನ ಕರ್ಕೊಂಡು ಹೋದನಲ್ಲ, ಆ ಯಜಮಾನ ಎಲ್ಲಿ? ನಿನ್ನ ದೊಡ್ಡೀಲಿ ಬಿಟ್ಟು ಹೋದನಂತೆ. ವಾಪಸ್ ಬಂದನಾ?”

“ಬರಲಿಲ್ಲ” ಅಂದರು ತಾತ.

“ನಾನು ದೊಡ್ಡೋನಾದ ಮೇಲೆ ಅವನನ್ನ ಹುಡುಕಿ ಹೊಡೀತೀನಿ. ಹೊಡೀಲಾ? ಇಲ್ಲಾ ಬಿಟ್ಟುಬಿಡ್ಲಾ? ನೀನು ಹೇಳಿದ ಹಾಗೆ ಕೇಳ್ತೀನಿ ಅಣ್ಣಾ.”

ಮಗಳು ಪಿಸುಗುಡುವುದನ್ನು ನಿಲ್ಲಿಸಿ ತಾತನನ್ನೇ ನೋಡಿದಳು. ನಾನು ಮನಸ್ಸಿನಲ್ಲಿ ಕೈ ಮುಗಿದೆ. ಬಿಟ್ಟುಬಿಡು ಅನ್ನಿ ತಾತ. ಒಂದೇ ಒಂದು ಮಾತು. ಅವರು ಖಂಡಿತ ಕೇಳುತ್ತಾರೆ.

ತಾತ ಆ ಕುರ್ಚಿಯ ಮುಂದೆ ಮೊಳಕಾಲೂರಿದರು. ಟೋಪಿ ತೆಗೆದರು. “ನಾನು ನಿಮ್ಮಣ್ಣ ಅಲ್ಲಪ್ಪಾ. ಅವನನ್ನ ಬಿಟ್ಟು ಹೋದವನು ನಾನೇ. ಹೆದರಿ ಹೋದೆ. ನಿನ್ನ ಕ್ಷಮೆ ಕೇಳೋಕೆ ಬಂದಿದ್ದೀನಿ.”

ಅವರು ತಾತನ ಮುಖವನ್ನು ದಿಟ್ಟಿಸಿದರು. ಆಮೇಲೆ ಗೊಳ್ಳನೆ ನಕ್ಕುಬಿಟ್ಟರು. “ನೀನು ಯಾವಾಗಲೂ ಹೀಗೇ, ನನ್ನ ಹೆದರ್ಸೋಕೆ ಏನಾದ್ರೂ ಹೇಳ್ತೀಯ” ಎಂದು ತಾತನ ಕೆನ್ನೆ ತಟ್ಟಿ, ಪಕ್ಕದ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಎಡಗೈಯಲ್ಲೇ ಮುರಿದು ಅವರ ಬಾಯಿಗಿಟ್ಟರು. ತಾತ ಅದನ್ನು ಅಗಿದು ನುಂಗಿದರು. ಇನ್ನೊಂದು ಸಲ ಹೇಳಲಿಲ್ಲ. ಎರಡು ಗಂಟೆ ಅಲ್ಲೇ ಕೂತು, ಹಿಮದಲ್ಲಿ ನಡೆದ ದಾರಿಯ ಬಗ್ಗೆ ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಎದ್ದರು.

ಕಾರು ಫ್ರೀವೇ ಹತ್ತಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. “ಬಿಟ್ಟುಬಿಡು ಅಂದಿದ್ರೆ ಮುಗೀತಿತ್ತಲ್ಲ ತಾತ! ಯಾಕೆ ಅನ್ನಲಿಲ್ಲ?”

“ಸತ್ತವನ ಬಾಯಲ್ಲಿ ನನಗೆ ನಾನೇ ಕ್ಷಮೆ ಕೊಟ್ಕೊಳ್ಳೋದಾ?” ಅಂದರು. ಸಿಟ್ಟಿರಲಿಲ್ಲ, ಸುಸ್ತಾಗಿದ್ದರು. “ಅದನ್ನ ಕೊಡೋನು ಏಪ್ರಿಲ್ ತಿಂಗಳಲ್ಲಿ ಸೂಟ್ ಹಾಕ್ಕೊಂಡು ಕೂತಿದ್ದ. ಅವನು ಈಗ ಇಲ್ಲ.”

ಎಡಗಡೆ ಸಮುದ್ರ ಹೊಳೆಯುತ್ತಿತ್ತು. ನನ್ನ ಕಣ್ಣು ತುಂಬಿ ರಸ್ತೆ ಕಲಸಿಹೋಯಿತು. “ನನ್ನಿಂದಲೇ ಆಗಿದ್ದು ತಾತ. ಅವತ್ತು ನಾನು ನಿಜ ಹೇಳಿದ್ರೆ... ನನ್ನ...”

“ಕ್ಷಮಿಸಿದ್ದೀನಿ” ಅಂದರು ತಾತ, ನಾನು ಕೇಳಿ ಮುಗಿಸುವುದಕ್ಕೆ ಮುಂಚೆ. “ನೋಡು, ಇಷ್ಟೇ ಹೊತ್ತು ಸಾಕಾಗಿತ್ತು ಇದಕ್ಕೆ.”

ಆಮೇಲೆ ಕಿಟಕಿಯ ಕಡೆ ತಿರುಗಿ ಕೂತರು. ಗ್ಲೆಂಡೇಲ್ ಬರುವ ತನಕ ಅವರು ಅಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.